ಹನ್ನೆರಡು ಮನೆಗೊಂದು

ಅಕ್ಕನಿಗೆ ನಮಸ್ಕಾರ.

ನಮ್ಮ ಕಚೇರಿಯ ಆರೋಗ್ಯ ಸಮೀಕ್ಷೆಗೆ ನಿಮ್ಮ ಬೀದಿಯಲ್ಲಿ ಹನ್ನೆರಡು ಮನೆಗೊಂದರಂತೆ ಆರಿಸಿದಾಗ ನಿನ್ನ ಮನೆ ಬಂದಿದೆ. ಆಯ್ಕೆಯಲ್ಲಿ ನನ್ನ ಕೈವಾಡವಿಲ್ಲ. “ಅವರು ಬಾಗಿಲು ತೆಗೀದಿದ್ರೆ ಪಕ್ಕದ ಮನೆ ಹಾಕ್ಕೊಂಡ್ಬಿಡಿ ಸಾರ್, ಯಾರಿಗೆ ಗೊತ್ತಾಗುತ್ತೆ?” ಎಂದರು ಸಹೋದ್ಯೋಗಿ. ಬಾಗಿಲು ತೆರೆಯುವವರನ್ನಷ್ಟೇ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ ಎಂದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಬರುತ್ತೇನೆ. ಇಪ್ಪತ್ತು ಪ್ರಶ್ನೆಗಳಿವೆ, ಕನ್ನಡಕವನ್ನೂ ಮಾತ್ರೆಗಳ ಚೀಟಿಯನ್ನೂ ಹತ್ತಿರ ಇಟ್ಟುಕೊಂಡಿರು.

ಬಾಗಿಲು ತೆರೆಯದ ಮನೆಗೆ ಮೂರು ಸಲ ಹೋಗಬೇಕೆಂಬುದು ನಮ್ಮ ನಿಯಮ. ಅಪ್ಪ ತೀರಿಕೊಂಡಾಗ ನಾನು ಎರಡು ದಿನ ತಡವಾಗಿ ಬಂದೆ. ನೀನು ಬಾಗಿಲು ತೆರೆಯಲಿಲ್ಲ. ಒಮ್ಮೆ ತಟ್ಟಿ ಹಿಂತಿರುಗಿದವನು ಹನ್ನೊಂದು ವರ್ಷ ಸುಮ್ಮನಿದ್ದೆ. ಇನ್ನೆರಡು ಸಲ ಬಾಕಿ ಇದೆ.

ನಿನ್ನ ತಮ್ಮ