ಕೂಗದೆ ಮುಚ್ಚಿದ ಬಾಗಿಲು

ಸಾಹೇಬರಿಗೆ, ಚಳ್ಳಕೆರೆಯ ವೆಲ್ಡರ್ ಸುಫಿಯಾನ್ ಮಾಡುವ ಸಲಾಮು. ನಿಮ್ಮ ಕಚೇರಿಯ ಗೇಟಿನಲ್ಲಿ ನನ್ನನ್ನು ಒಳಗೆ ಬಿಡುತ್ತಿಲ್ಲ, ಅದಕ್ಕೇ ಈ ಚೀಟಿ.

ಮೀನುಗಳಿಗೆ ಮನೆಯಾಗಲೆಂದು ನಾಳೆ ನೀವು ಮುಳುಗಿಸುವ ಹಳೆಯ ಯುದ್ಧನೌಕೆಯ ತಳದ ಕೋಣೆಯ ಬಾಗಿಲನ್ನು ಇವತ್ತು ಮಧ್ಯಾಹ್ನ ನಾನೇ ಮುಚ್ಚಿ ವೆಲ್ಡಿಂಗ್ ಮಾಡಿದೆ. ನಮ್ಮೂರಲ್ಲಿ ಬಿಸಿಲಿಗೆ ಜನ ಲಾರಿ ಕೆಳಗೆ ಮಲಗುತ್ತಾರೆ. "ಲೇ, ಕೆಳಗೆ ಯಾರಾದ್ರೂ ಇದೀರೇನ್ರೋ?" ಎಂದು ಕೂಗದೆ ನಾವು ಲಾರಿ ಮುಟ್ಟುವುದಿಲ್ಲ. ಹಡಗಿನಲ್ಲಿ ನಾನು ಕೂಗಲಿಲ್ಲ. ಸುತ್ತಲೂ ಸುತ್ತಿಗೆ ಸದ್ದು, ಒಳಗಿನಿಂದ ಯಾರಾದರೂ ಬಡಿದಿದ್ದರೂ ಕೇಳುತ್ತಿರಲಿಲ್ಲ.

ನಮ್ಮ ಜೊತೆಯ ರಾಂಪುರದ ಕಾಟಪ್ಪ ಊಟವಾದ ಮೇಲೆ ಕಾಣಿಸಿಲ್ಲ. ಊರಿಗೆ ಓಡಿಹೋದ ಎನ್ನುತ್ತಾರೆ ಮೇಸ್ತ್ರಿ. ಅವನ ಚಪ್ಪಲಿ ಆ ಬಾಗಿಲಿಗೆ ಇಳಿಯುವ ಏಣಿಯ ಬುಡದಲ್ಲೇ ಇದೆ. "ತಳದಾಗೆ ತಂಪೈತೆ ಕಣಣ್ಣ" ಎಂದು ನಿನ್ನೆ ಹೇಳಿದ್ದ.

ನನ್ನನ್ನು ಆಮೇಲೆ ಪೊಲೀಸರಿಗೆ ಕೊಡಿ. ಈಗ ಉತ್ತರ ಬರೆಯುತ್ತ ಕೂರಬೇಡಿ ಸಾಹೇಬರೇ, ಆ ಬಾಗಿಲು ಕತ್ತರಿಸಬೇಕು, ಗ್ಯಾಸ್ ಕಟರ್ ಇಟ್ಟ ಕೋಣೆಯ ಬೀಗದ ಕೈ ಕಳಿಸಿ.

ಗೇಟಿನ ಹೊರಗೇ ನಿಂತಿರುವ,
ಸುಫಿಯಾನ್