ಆಡಿನ ಹಾಲು ಕರೆಯುವ ಹಕ್ಕಿ

ಗ್ಯೋಟಿಂಗೆನ್
12 ಜೂನ್ 1927

ಪ್ರೀತಿಯ ಅಪ್ಪನಿಗೆ,

ಈ ಭಾನುವಾರ ನಾನು ಪತ್ರ ಬರೆಯಲು ಕೂತಿರುವ ಉದ್ದೇಶ ಒಂದೇ: ಹಕ್ಕಿಗಳ ಹೆಸರುಗಳ ಕುರಿತ ನನ್ನ ಮಹಾಪ್ರಬಂಧದಿಂದ ನಮ್ಮೂರಿನ ಅಧ್ಯಾಯವನ್ನು ತೆಗೆಯಬೇಕೆಂಬ ನಿಮ್ಮ ಕೋರಿಕೆಗೆ ಉತ್ತರಿಸುವುದು.

ನಿಮ್ಮ ಅಳುಕು ನನಗೆ ಅರ್ಥವಾಗಿದೆ. ಶರತ್ಕಾಲದಲ್ಲಿ ನೀವು ನಿವೃತ್ತರಾಗುತ್ತೀರಿ. ಊರವರು ಶಾಲೆಯಲ್ಲೇ ನಿಮ್ಮನ್ನು ಸನ್ಮಾನಿಸಲಿದ್ದಾರೆ. ಅಷ್ಟರಲ್ಲಿ ಪ್ರಬಂಧ ಅಚ್ಚಾದರೆ, "ಮೇಷ್ಟ್ರ ಪಾಠಾನ ಮಗಳೇ ತಿದ್ದಿದ್ಳಂತೆ" ಎಂದು ಬಿಯರಿನ ಮೇಜುಗಳಲ್ಲಿ ನಗುತ್ತಾರೆ. ನಗಬಹುದು.

ಕಳೆದ ಬೇಸಿಗೆಯಲ್ಲಿ ವ್ಯೂಬೆ ಅತ್ತೆಯ ಆಡಿನ ಹಾಲು ಬತ್ತಿದಾಗ ನೀವು ಊರಿನಲ್ಲಿರಲಿಲ್ಲ. ನಿಮ್ಮ ವಿದ್ಯಾರ್ಥಿಗಳು ಬಯಲಿನಲ್ಲಿ ಮೊಟ್ಟೆಗೆ ಕಾವು ಕೊಡುತ್ತಿದ್ದ ಹಕ್ಕಿಯನ್ನು ಕಲ್ಲೆಸೆದು ಕೊಂದು, ರೆಕ್ಕೆ ಹರಡಿ, ಅತ್ತೆಯ ಕೊಟ್ಟಿಗೆಯ ಬಾಗಿಲಿಗೆ ಮೊಳೆಯಿಂದ ಬಡಿದರು. ಏಕೆಂದು ಕೇಳಿದೆ.

"ಟ್ಸೀಗೆನ್‌ಮೆಲ್ಕರ್ ಅಲ್ವಾ ಅಕ್ಕಾ? ಆಡಿನ ಹಾಲು ಕರೆಯೋದು ಅಂತ ಹೆಸರಲ್ಲೇ ಇದೆ. ಮೇಷ್ಟ್ರು ಚಿತ್ರ ತೋರಿಸಿ ಹೇಳಿದ್ರು."

ಅತ್ತೆ ನನ್ನನ್ನೂ ಬಿಡಲಿಲ್ಲ. "ನಮ್ಮಜ್ಜಿ ಇದನ್ನ ಹಗಲುನಿದ್ದೆಗಾರ ಅಂತಿದ್ಲು ಕಣೇ. ಹಾಲು ಕರೆಯೋ ಕಸುಬನ್ನ ನಿಮ್ಮಪ್ಪನ ಶಾಲೇಲೇ ಕಲ್ತಿರ್ಬೇಕು! ಡಾಕ್ಟರ್ ಆಗೋಳು ನೀನು, ಆ ಪುಟಾಣಿ ಕೊಕ್ಕಲ್ಲಿ ಹೆಂಗೆ ಕರೀತದೆ ತೋರ್ಸು ನೋಡಾಣ." ನಾನು ಮೊಳೆ ಕೀಳಹೋದಾಗ ಮಾತ್ರ ಕೈ ಹಿಡಿದಳು. "ಇರ್ಲಿ ಬಿಡು. ಯಾರಿಗ್ಗೊತ್ತು?"

ಆಡಿಗೆ ಕೆಚ್ಚಲುಬಾವು ಆಗಿತ್ತು. ಹಕ್ಕಿ ಮಂದೆಯ ಸುತ್ತ ಹಾರುವ ಪತಂಗಗಳನ್ನು ಹಿಡಿಯಲು ಬರುತ್ತಿತ್ತು.

ಆ ಹೆಸರು ನಮ್ಮ ಕುರಿಗಾಹಿಗಳ ಪ್ರಾಚೀನ ಪದವೆಂದು ನೀವು ಬರೆದಿದ್ದೀರಿ. ಅಲ್ಲ, ಅಪ್ಪ. ಗ್ರೀಕರ ಕಟ್ಟುಕಥೆ ಲ್ಯಾಟಿನ್ನಿಗೆ ಬಂತು. ಲ್ಯಾಟಿನ್ ಹೆಸರನ್ನು ನಮ್ಮ ವಿದ್ವಾಂಸರು ಪದಕ್ಕೆ ಪದವಿಟ್ಟು ಜರ್ಮನ್ನಿಗೆ ತಂದರು. ನಮ್ಮೂರಿಗೆ ಅದನ್ನು ತಂದದ್ದು ನಿಮ್ಮ ತರಗತಿಯ ಗೋಡೆಯ ಚಿತ್ರಪಟ. ಹೆಸರಿನ ಜೊತೆಗೆ ಅಪವಾದವೂ ಬಂತು.

ತರಗತಿಗೇ ಮೊದಲಿಗಳಾದವಳಿಗೆ ಒಂದು ಅಧ್ಯಾಯ ಹೋದರೆ ನಷ್ಟವೇನು ಎಂದು ಕೇಳಿದ್ದೀರಿ. ಅಂಕಗಳ ನಷ್ಟವೇನೂ ಇಲ್ಲ. ಆದರೆ ಕಳೆದ ವಾರ ಇನ್ನೊಂದು ಕೊಟ್ಟಿಗೆಯ ಬಾಗಿಲಿಗೆ ಇನ್ನೊಂದು ಹಕ್ಕಿಯನ್ನು ಬಡಿದಿದ್ದಾರೆಂದು ಅಮ್ಮ ಬರೆದಿದ್ದಾಳೆ. ನಿವೃತ್ತಿಗೆ ಮುನ್ನ ಆ ಪಾಠವನ್ನು ಮಕ್ಕಳಿಗೆ ನೀವೇ ತಿದ್ದಿ ಹೇಳಿದರೆ, ಅದನ್ನೂ ಅದೇ ಅಧ್ಯಾಯದಲ್ಲಿ ಹೆಮ್ಮೆಯಿಂದ ಸೇರಿಸುತ್ತೇನೆ.

ಸನ್ಮಾನದ ದಿನ ತಪ್ಪದೆ ಬರುತ್ತೇನೆ. ಮೊದಲ ಸಾಲಿನಲ್ಲೇ ಕೂರುತ್ತೇನೆ; ಯಾರು ನಗುತ್ತಾರೋ ನೋಡೋಣ.

ನಿಮ್ಮ ಮಗಳು,
ಗೆಸಿನೆ

ತಾ.ಕ.: ಪ್ರಬಂಧವನ್ನು ಅರ್ಪಿಸಿರುವುದು ನಿಮಗೆ. ಆ ಪುಟವನ್ನೂ ತೆಗೆಯುವುದಿಲ್ಲ, ಈ ಅಧ್ಯಾಯವನ್ನೂ ತೆಗೆಯುವುದಿಲ್ಲ.