ಪುಟ್ಟಿಗೆ ಹತ್ತಿ ತುಂಬಿದ್ದು

ಸಾಮ್ರಾಜ್ಯ ಒಡೆದ ತೊಂಬತ್ತೆರಡನೆಯ ವರ್ಷ,
ಚಳಿಗಾಲದ ಎರಡನೆಯ ತಿಂಗಳು, ಒಂಬತ್ತನೆಯ ದಿನ.
(ಇನ್ನು ಮೇಲೆ ಇದನ್ನು ‘ಪುನರುದಯದ ಮೊದಲನೆಯ ವರ್ಷ’ ಎಂದೇ ಬರೆಯಬೇಕಂತೆ. ನಿನಗೆ ಬರೆಯುವ ಕಾಗದದಲ್ಲಾದರೂ ಅದು ಬೇಡ.)

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳೂ ಬಂದು ಮೂರು ತಿಂಗಳಾಯಿತು. ‘ಅಕ್ಕ ಇದ್ದಾಳೋ ಹೋದಳೋ’ ಎಂದು ಕೇಳಿದ್ದೀಯೆ. ಇದ್ದೇನೆ. ನಾವಿಲ್ಲಿ ಕ್ಷೇಮ ಎಂದು ಶುರು ಮಾಡಲು ಎಷ್ಟೋ ಸಲ ಕೂತೆ. ಆ ಪದದ ಹತ್ತಿರ ಬಂದ ಕೂಡಲೇ ಕೈ ನಿಂತುಬಿಡುತ್ತಿತ್ತು. ದಬ್ಬಣ ಹಿಡಿದು ಹಿಡಿದು ಹೆಬ್ಬೆರಳು ಊದಿಕೊಂಡಿತ್ತು ಎನ್ನುವುದೂ ನಿಜ. ತಡವಾದದ್ದಕ್ಕೆ ಬೈಯಬೇಡ. ನಿನ್ನ ಹೆಂಡತಿಯ ಕೆಮ್ಮು ಹೇಗಿದೆ? ಗಡಿಯಾಚೆಯ ಗಾಳಿ ಅವಳಿಗೆ ಒಗ್ಗುವುದಿಲ್ಲ ಎಂದು ನಾನು ಆಗಲೇ ಹೇಳಿದ್ದೆ. ಹೇಳಿ ಏನು ಬಂತು, ನಿಮ್ಮನ್ನೇನು ಅಲ್ಲಿಗೆ ಹವಾ ಬದಲಾವಣೆಗೆ ಕಳಿಸಿದ್ದರೇ!

ಇಲ್ಲಿನ ದೊಡ್ಡ ಸುದ್ದಿ ಎಂದರೆ ನಮ್ಮ ರಾಜ್ಯಕ್ಕೆ ಮತ್ತೆ ಜೀವ ಬಂದಿದೆ. ನಗಬೇಡ, ಪೂರ್ತಿ ಓದು.

ಸಾಮ್ರಾಜ್ಯ ಏಳು ಹೋಳಾದಾಗ ಉಳಿದ ಆರು ಹೋಳುಗಳಿಗೆ ಗಣಿ, ಬಂದರು, ಒಳ್ಳೆಯ ಹೊಲ ಸಿಕ್ಕವು, ನಮ್ಮ ಹೋಳಿಗೆ ಸಿಕ್ಕಿದ್ದು ಕಡೆಯ ಮಹಾಪಕ್ಷಿ ಎಂದು ಅಪ್ಪ ಹೇಳುತ್ತಿದ್ದರಲ್ಲ. ಹಕ್ಕಿ ನಮ್ಮಲ್ಲಿದೆ, ಆದ್ದರಿಂದ ನಾವೇ ಸಾಮ್ರಾಜ್ಯ ಎಂದು ಎಂಬತ್ತು ವರ್ಷ ಎದೆಯುಬ್ಬಿಸಿಕೊಂಡು ತಿರುಗಿದೆವು. ಕೊನೆಗೆ ಅದರ ಪಾಲಿನ ಮಾಂಸ ಮಂತ್ರಿಯ ಮನೆಗೆ ಹೋಯಿತು, ಹಕ್ಕಿ ಹಸಿದು ಸತ್ತಿತು. ಇಪ್ಪತ್ತು ವರ್ಷ ಅದಕ್ಕೆ ಕೈಯಾರೆ ತಿನ್ನಿಸಿದ ನೀನು ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಸುಳ್ಳುಗಾರನಾಗಿ ಗಡಿಪಾರಾದೆ. ಮಹಾಪಕ್ಷಿ ಬೆಟ್ಟಕ್ಕೆ ವಿಶ್ರಾಂತಿಗೆ ಹೋಗಿದೆ ಎಂದು ಅವರು ಡಂಗುರ ಹೊಡೆಸಿದರು. ಹನ್ನೊಂದು ವರ್ಷದ ವಿಶ್ರಾಂತಿ!

ಆ ಹನ್ನೊಂದು ವರ್ಷ ಇಲ್ಲಿ ನಡೆದದ್ದನ್ನು ನೋಡಿದ್ದರೆ ನಿನಗೆ ಸಂತೋಷವಾಗುತ್ತಿತ್ತೇನೋ. ಕೋಟೆಯ ಬಾಗಿಲನ್ನು ಕಾವಲುಗಾರರೇ ಸೌದೆಗೆ ಸೀಳಿಕೊಂಡರು. ನ್ಯಾಯಾಲಯದ ಅಂಗಳದಲ್ಲಿ ಜನ ಒದ್ದೆ ಬಟ್ಟೆ ಒಣಗಹಾಕಿದರು. ಇಬ್ಬರು ದೊರೆಗಳು ಕಿರೀಟ ಬಿಟ್ಟು ಓಡಿಹೋದರು, ಮೂರನೆಯವನು ಕಿರೀಟವನ್ನೂ ಎತ್ತಿಕೊಂಡು ಓಡಿದ. ಈಗ ಬಂದು ಕೂತಿರುವವನು ಅದೇ ಮಂತ್ರಿಯ ಅಳಿಯ. ಪುನರುದಯ ಎನ್ನುವುದು ಅವನದೇ ಮಾತು. ಮೆರವಣಿಗೆ ಹೋಗುವ ಬೀದಿಗಳ ಮನೆಗಳಿಗೆಲ್ಲ ಸುಣ್ಣ ಹೊಡೆಸಿದ್ದಾನೆ, ಮುಂದಿನ ಗೋಡೆಗಷ್ಟೇ. ನಮ್ಮ ಎದುರು ಮನೆಯ ಬೀಗ ರಿಪೇರಿಯವನು, ಆ ಹಳೆಯ ಮಂತ್ರಿಯ ಗಾಡಿ ಹೋದಾಗಲೆಲ್ಲ ಕ್ಯಾಕರಿಸಿ ಉಗಿಯುತ್ತಿದ್ದನಲ್ಲ, ಅವನೀಗ ಅಂಗಿಗೆ ಕಾಗದದ ಪುಕ್ಕ ಸಿಕ್ಕಿಸಿಕೊಂಡು ಓಡಾಡುತ್ತಾನೆ. ನಾನು ದಿಟ್ಟಿಸಿ ನೋಡಿದ್ದಕ್ಕೆ, “ಹಳೇದೆಲ್ಲ ಯಾಕೆ ಕೆದಕ್ತೀರಾ ಅಕ್ಕಾ? ಬೀದಿ ದೀಪ ಉರೀತಿದೆ ತಾನೇ?” ಎಂದ. ಉರಿಯುತ್ತಿದೆ, ನಿಜ. ಅವನ ಮುಖ ಇನ್ನೂ ಚೆನ್ನಾಗಿ ಕಾಣುತ್ತದೆ, ಅದೇ ಕಷ್ಟ.

ಎಲೆ ಉದುರುವ ಹೊತ್ತಿಗೆ ಅರಮನೆಯ ಹಿರಿಯ ಗುಮಾಸ್ತ ನಮ್ಮ ಹಾಸಿಗೆ ಅಂಗಡಿಗೆ ಬಂದ. ಒಂದು ದೊಡ್ಡ ಹೊಲಿಗೆ ಕೆಲಸವಿದೆ, ಬನ್ನಿ ಎಂದ. ಹೋದೆ. ವಾರ ಕಳೆದ ಮೇಲೆ ಹಳೆಯ ನಾಟ್ಯಶಾಲೆಗೆ ಕರೆದುಕೊಂಡು ಹೋಗಿ ನೆಲದ ಮೇಲಿದ್ದ ಗೋಣಿ ಸರಿಸಿದರು. ಅಲ್ಲಿ ಇದ್ದದ್ದು ನಿನ್ನ ಪುಟ್ಟಿ. ಗಾಡಿಯಷ್ಟು ದೊಡ್ಡ ಹಕ್ಕಿಗೆ ಪುಟ್ಟಿ ಎಂದು ಹೆಸರಿಟ್ಟವನು ನೀನೊಬ್ಬನೇ. ಉಪ್ಪಿನ ಉಗ್ರಾಣದ ನೆಲ ಅಗೆದು ನಾವು ಅವಳನ್ನು ಹೂತಿದ್ದ ಜಾಗ ಹೇಗೋ ಪತ್ತೆಯಾಯಿತಂತೆ. ತಳ್ಳುಗಾಡಿಯಲ್ಲಿ ಅವಳನ್ನು ಸಾಗಿಸಿದ್ದು ನೆನಪಿದೆಯೇ? ಇಷ್ಟು ಹಗುರವಾಗಿಬಿಟ್ಟಿದ್ದಾಳಲ್ಲ ಎಂದು ನೀನು ದಾರಿಯುದ್ದಕ್ಕೂ ಅಳುತ್ತಿದ್ದೆ.

ಉಪ್ಪಿಗೋ ಏನೋ, ಪುಕ್ಕ ಒಂದಿಷ್ಟೂ ಮಾಸಿರಲಿಲ್ಲ. ಚರ್ಮ ಮಾತ್ರ ಹಳೆಯ ಚಪ್ಪಲಿಯ ಹಾಗೆ ಸೆಟೆದುಕೊಂಡಿತ್ತು. ಆ ವಾಸನೆ ಇನ್ನೂ ನನ್ನ ಉಗುರಿನ ಸಂದಿಯಲ್ಲಿದೆ. ಎಷ್ಟು ಸೋಪು ಹಾಕಿದರೂ ಹೋಗದು, ಈಗ ಚಮಚದಲ್ಲಿ ಉಣ್ಣುತ್ತೇನೆ. ಚರ್ಮ ಹದ ಮಾಡುವವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ನೆನೆಸಿ ಮೆತ್ತಗೆ ಮಾಡಿದ, ತಂತಿ ಹೆಣೆಯುವವನು ಒಳಗೆ ಪಂಜರ ಕಟ್ಟಿದ, ಹತ್ತಿ ತುಂಬಿ ಹೊಲಿಯುವುದು ನನ್ನ ಪಾಲಿಗೆ ಬಂತು. ನಲವತ್ತು ಮೂಟೆ ಹತ್ತಿ ಹಿಡಿಯಿತು. ಎದೆಯ ಮೂಳೆ ಚಾಕುವಿನ ಹಾಗೆ ಎದ್ದಿತ್ತು, ತಮ್ಮಾ. ಮುಟ್ಟಿದರೆ ಸಾಕು, ಅವಳು ಹೇಗೆ ಸತ್ತಳೆಂದು ಯಾರಿಗೂ ಗೊತ್ತಾಗುತ್ತಿತ್ತು. ಅದರ ಮೇಲೆ ನಾನು ಹತ್ತಿ ಒತ್ತಿದೆ. ಗುಮಾಸ್ತ ದಿನಕ್ಕೆರಡು ಸಲ ಬಂದು, “ಇನ್ನೊಂದು ಚೂರು ತುಂಬಿ ಅಮ್ಮಾ, ಚೆನ್ನಾಗಿ ತಿಂದುಂಡ ಹಾಗೆ ಕಾಣ್ಬೇಕು,” ಎನ್ನುತ್ತಿದ್ದ. ಇನ್ನೊಂದು ಮೂಟೆ ತರಿಸಿ ತುಂಬಿದೆ. ನನ್ನ ಕೈಯನ್ನೇ ಕಂಡರೆ ಹೇಸಿಗೆಯಾಗುತ್ತಿತ್ತು.

ಅಲ್ಲೇ ಒಂದು ಎಡವಟ್ಟು ಮಾಡಿದೆ. ಮೂವತ್ತೈದು ವರ್ಷ ಹಾಸಿಗೆ ಹೊಲಿದ ಕೈ ನೋಡು, ಹತ್ತಿ ಸರಿಯದಿರಲಿ ಎಂದು ಗೇಣಿಗೊಂದು ಗಂಟು ತಾನಾಗಿಯೇ ಹಾಕುತ್ತದೆ. ಹಕ್ಕಿಯನ್ನು ಎತ್ತಿ ನಿಲ್ಲಿಸಿದಾಗ ನೋಡುತ್ತೇನೆ, ಹೊಟ್ಟೆಯ ತುಂಬ ಸಾಲು ಸಾಲಾಗಿ ಗಂಟು, ಗಂಟಿನ ಸುತ್ತ ಗುಳಿ. ಎದ್ದು ನಿಂತ ಹಾಸಿಗೆಗೆ ಕೊಕ್ಕು ಮೂಡಿದಂತಿತ್ತು! ಬಿಚ್ಚಿ ಹೊಲಿಯಲು ಎರಡು ದಿನ ಬೇಕು ಎಂದೆ. “ಬಿಡಿ ಅಮ್ಮಾ, ಹೊಟ್ಟೆ ಯಾರು ನೋಡ್ತಾರೆ?” ಎಂದ ಗುಮಾಸ್ತ.

ಎಲ್ಲರೂ ನೋಡಿದರು. ಹೋದ ವಾರ ಮಟಮಟ ಮಧ್ಯಾಹ್ನ, ಎಂಟು ಕುದುರೆಯ ಬಂಡಿಯ ಮೇಲೆ ಅವಳನ್ನು ನಿಲ್ಲಿಸಿ ಊರೆಲ್ಲ ಸುತ್ತಿಸಿದರು. ಈ ಊರಿನ ಅರ್ಧಕ್ಕರ್ಧ ಜನ ಮಲಗುವುದು ನಾನು ಹೊಲಿದ ಹಾಸಿಗೆಯ ಮೇಲೆ. ನೀನು ಹೋದ ಮೇಲೆ ಅದರ ದುರಸ್ತಿಗೂ ಹಿತ್ತಿಲ ಬಾಗಿಲಿನಿಂದಲೇ ಬರುತ್ತಿದ್ದರು, ಯಾರಾದರೂ ಕಂಡಾರು ಎಂದು. ಆ ಗಂಟಿನ ಗುರುತು ಹತ್ತದವರು ಯಾರಿದ್ದಾರೆ? ಒಬ್ಬರಾದರೂ ಕಿಸಕ್ಕೆಂದು ನಗುತ್ತಾರೆ, ಒಬ್ಬರು ನಕ್ಕರೆ ಬೀದಿಗೆ ಬೀದಿಯೇ ನಗುತ್ತದೆ, ಅಳಿಯನ ಆಟ ಅಲ್ಲಿಗೆ ಮುಗಿಯುತ್ತದೆ ಎಂದು ಕಾಯುತ್ತ ನಿಂತಿದ್ದೆ. ನನ್ನ ಪಕ್ಕದಲ್ಲಿದ್ದ ಸೂಲಗಿತ್ತಿ ಕಣ್ಣೊರೆಸಿಕೊಂಡು, “ಬೆಟ್ಟದ ಗಾಳಿಗೆ ಎಷ್ಟು ಮೈಕೈ ತುಂಬ್ಕೊಂಡಿದೆ ನೋಡಿ!” ಎಂದಳು. ಬೀಗದವನು ನನ್ನ ಕಿವಿಯ ಹತ್ತಿರ ಬಗ್ಗಿ, “ಹೊಲಿಗೆ ನಿಮ್ದೇ ಅಲ್ವಾ ಅಕ್ಕಾ? ಗಟ್ಟಿಯಾಗಿದೆ,” ಎಂದ. ಹಾಗೆಂದವನೇ ತಲೆಯೆತ್ತಿ, “ಮಹಾಪಕ್ಷಿ ಚಿರಾಯುವಾಗಲಿ!” ಎಂದು ಗಂಟಲು ಹರಿಯುವಂತೆ ಕೂಗಿದ. ಗೊತ್ತಿಲ್ಲದೆ ಕೂಗಿದ್ದರೆ ಪಾಪ ಎನ್ನುತ್ತಿದ್ದೆ. ಅಲ್ಲೇ ಚರಂಡಿಯ ಪಕ್ಕ ಕೂತು ವಾಂತಿ ಮಾಡಿಕೊಂಡೆ. ಬಿಸಿಲಿಗೆ ಹಾಗಾಗಿದೆ ಎಂದು ಯಾರೋ ನೀರು ಕೊಟ್ಟರು.

ಈಗ ನಿನ್ನ ವಿಷಯ. ಈ ಕಾಗದದ ಹಿಂದೆಯೇ ಅರಮನೆಯ ಮೊಹರಿನ ಕಾಗದವೂ ನಿನ್ನ ಕೈ ಸೇರುತ್ತದೆ. ನೀನು ಊರಿಗೆ ಬರಬಹುದಂತೆ. ಹಳೆಯ ಕೆಲಸ, ಹಳೆಯ ಮನೆ, ಎಲ್ಲವನ್ನೂ ಕೊಡುತ್ತಾರಂತೆ. ಅದಕ್ಕೆ ‘ಹನ್ನೊಂದು ವರ್ಷದ ಹಿಂದೆ ನನ್ನ ಕಣ್ಣಿಗೆ ಮಂಕು ಕವಿದಿತ್ತು, ಹಕ್ಕಿ ಸತ್ತಿರಲಿಲ್ಲ’ ಎಂದು ನೀನು ಬರೆದು ಕೊಡಬೇಕು. ಆಮೇಲೆ ದಿನವೂ ಬೆಳಿಗ್ಗೆ ಸಂಜೆ ಜನರೆದುರು ಅದರ ಕೊಕ್ಕಿಗೆ ಮಾಂಸ ಹಿಡಿಯಬೇಕು, ಪರದೆ ಎಳೆಯಬೇಕು, ಖಾಲಿ ತಟ್ಟೆ ಹಿಡಿದುಕೊಂಡು ಆಚೆ ಬರಬೇಕು. ಪರದೆಯ ಹಿಂದಿನಿಂದ ಮಾಂಸ ಯಾರ ಮನೆಗೆ ಹೋಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕೇ? ಇವನ ಮಾವ, ಆ ಮಂತ್ರಿ, ಮೂಳೆಯನ್ನಾದರೂ ಹಕ್ಕಿಗೆ ಬಿಡುತ್ತಿದ್ದ.

ಬರಬೇಡ. ನಿನ್ನ ಮುಖ ನೋಡಬೇಕೆಂದು ನನ್ನ ಕರುಳು ಎಷ್ಟು ಎಳೆಯುತ್ತದೆಂದು ಬರೆದರೆ ನೀನು ನಾಳೆಯೇ ಹೊರಟುಬಿಡುತ್ತೀಯೆ, ಅದಕ್ಕೇ ಬರೆಯುವುದಿಲ್ಲ. ಪುಟ್ಟಿ ಹಸಿದು ಸತ್ತಳು ಎಂದು ಹೇಳುವ ಬಾಯಿ ಈ ಲೋಕದಲ್ಲಿ ಒಂದೇ ಒಂದು ಉಳಿದಿದೆ. ಅದನ್ನು ಇವರು ಮುಚ್ಚಿಸುವುದು ಬೇಡ.

ಇದರ ಜೊತೆಗಿರುವ ಗಂಟಿನಲ್ಲಿ ಅಮ್ಮನ ಶಾಲು ಇದೆ. ಹೂಳುವಾಗ ನೀನು ಪುಟ್ಟಿಯ ತಲೆಗೆ ಸುತ್ತಿದ್ದೆಯಲ್ಲ, ಅದೇ. ಯಾರಿಗೂ ಕಾಣದಂತೆ ಮಡಿಲಲ್ಲಿಟ್ಟುಕೊಂಡು ಬಂದೆ. ನಾಲ್ಕು ನೀರಿನಲ್ಲಿ ಒಗೆದರೂ ಉಪ್ಪು ಪೂರ್ತಿ ಬಿಟ್ಟಿಲ್ಲ. ನಿನ್ನ ಹೆಂಡತಿಗೆ ಎದೆ ಮುಚ್ಚಿಕೊಂಡು ಮಲಗಲು ಹೇಳು. ಅವಳು ಬೇಗ ಗುಣವಾಗಲಿ. ನಿಮ್ಮ ಒಲೆ ಆರದಿರಲಿ, ನಿನ್ನ ಮಾತು ನಿನ್ನದಾಗಿಯೇ ಉಳಿಯಲಿ. ದೊಡ್ಡವಳಾಗಿ ನಾನು ಕೊಡಬಹುದಾದದ್ದು ಇಷ್ಟೇ.

ಇಂತಿ,
ನಿನ್ನ ಅಕ್ಕ

ತಾ.ಕ.: ಮೇಲೆ ‘ಹೇಗೋ ಪತ್ತೆಯಾಯಿತಂತೆ’ ಎಂದು ಬರೆದಿದ್ದೇನಲ್ಲ, ಆ ಸಾಲನ್ನು ಹೊಡೆದುಹಾಕು. ಆ ಜಾಗ ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಹೇಳಿದವಳು ನಾನು. ಹೊಡೆದು ಬಡಿದು ಕೇಳಲಿಲ್ಲ, ಹೆದರಿಸಲಿಲ್ಲ. ನಿನ್ನನ್ನು ಕರೆಸುವ ಮಾತು ಬಂದದ್ದೂ ಆಮೇಲೆ, ಆ ನೆಪವೂ ನನಗಿಲ್ಲ. ಕರೆಯಲು ಬಂದ ಆ ದಿನ ಗುಮಾಸ್ತ ನನ್ನನ್ನು ಅರಮನೆಯ ಮುಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದ, ಕುರ್ಚಿ ಎಳೆದ, ಅದರ ಧೂಳನ್ನು ತನ್ನ ಅಂಗಿಯ ತೋಳಿನಿಂದಲೇ ಒರೆಸಿ, “ಕೂತ್ಕೊಳ್ಳಿ ಅಮ್ಮಾ,” ಎಂದ. ಹನ್ನೊಂದು ವರ್ಷದಲ್ಲಿ ಈ ಊರಿನಲ್ಲಿ ಒಬ್ಬರೂ ನನ್ನನ್ನು ಕೂತುಕೊಳ್ಳಿ ಎಂದಿರಲಿಲ್ಲ, ತಮ್ಮಾ. ಕೂತೆ. ಹಕ್ಕಿ ಎಲ್ಲಿದೆ ಎಂದು ಅವನು ಒಂದೇ ಒಂದು ಸಲ ಕೇಳಿದ, ಹೇಳಿಬಿಟ್ಟೆ. ಆ ಕುರ್ಚಿಗೆ ಒಂದು ಮೆತ್ತೆ ಕೂಡ ಇರಲಿಲ್ಲ.